ಅಮ್ಮನ ವಯಸ್ಸು ಎಕ್ಸ್ ಆಗಿರಲಿ

ಎರಡು ಸಮೀಕರಣಕ್ಕೆ ಬಗ್ಗದ ಸಮಸ್ಯೆ ಈ ಭೂಮಂಡಲದಲ್ಲೇ ಇಲ್ಲ ಎಂಬುದು ಕತ್ರಿಗುಪ್ಪೆಯ ಗಣಿತದ ಟ್ಯೂಷನ್ ಮೇಷ್ಟ್ರು ದಿನೇಶನ ಘೋಷಣೆ. ಅಂಥ ಮಹಾನುಭಾವನಿಗೆ ಸ್ವಂತ ತಾಯಿಯ ವಯಸ್ಸು ಗೊತ್ತಿರಲಿಲ್ಲ!

ತಾಯಿ ಸಪ್ಪಲಮ್ಮನಿಗೂ ಗೊತ್ತಿರಲಿಲ್ಲ. ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ ಹುಟ್ಟಿದ್ದಂತೆ. ಯಾವ ವರ್ಷದ ಹೊಸತೊಡಕೋ ಬಲ್ಲವರಿಲ್ಲ. ಆಧಾರ್ ಕಾರ್ಡಿನಲ್ಲಿರುವುದು ಬರೀ ಅಂದಾಜು. ಮೊಮ್ಮಗಳ ಹುಟ್ಟುಹಬ್ಬದಲ್ಲಿ ಗೋಡೆಗೊರಗಿ ಚಪ್ಪಾಳೆ ತಟ್ಟುತ್ತಿದ್ದವಳು, "ವಯಸ್ಸಾದೋರ್ಗೂ ಕೇಕ್ ತರ್ತಾರೇನಪ್ಪಾ?" ಎಂದು ಮೆಲ್ಲಗೆ ಕೇಳಿದ್ದಳು.

"ಈ ಹೊಸತೊಡಕಿಗೆ ನಿಂಗೇ ಕೇಕು! ಮೇಲೆ ಕರೆಕ್ಟಾಗಿ ವಯಸ್ಸಿನ ಕ್ಯಾಂಡಲ್ಲು!" ಎಂದು ದಿನೇಶ ಪ್ರತಿಜ್ಞೆ ಮಾಡಿ ಅಮ್ಮನನ್ನು ಟ್ಯೂಷನ್ ರೂಮಿನ ಮುಂದಿನ ಬೆಂಚಿನಲ್ಲಿ ಕೂರಿಸಿದ.

"ನಿನ್ನ ತಮ್ಮನಿಗಿಂತ ನೀನೆಷ್ಟು ದೊಡ್ಡವಳಮ್ಮ?"

"ತಿಮ್ಮ ಹುಟ್ದಾಗ ನಂಗೆ ಎಂಟು ತುಂಬಿತ್ತು ಕಣಪ್ಪ. ನನ್ನ ಮದ್ವೇಲಿ ಅವನಿಗೆ ನನ್ನ ಅರ್ಧ ವಯಸ್ಸು ಅಂತ ನಮ್ಮಪ್ಪ ಎಲ್ರಿಗೂ ಹೇಳ್ಕೊಂಡ್ ಓಡಾಡ್ತಿದ್ರು."

ದಿನೇಶ ಬೋರ್ಡಿನ ತುಂಬ ಎಕ್ಸು, ವೈಗಳನ್ನು ಚೆಲ್ಲಾಡಿದ. ಬಾಗಿಲಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಹೆಂಡತಿ ಮಧುಶ್ರೀ ತಲೆಯೆತ್ತದೆ ಅಂದಳು: "ಮದ್ವೇಲಿ ಅತ್ತೆಗೆ ಹದಿನಾರು, ತಮ್ಮನಿಗೆ ಎಂಟು. ಇದಕ್ಕೆ ಬೋರ್ಡ್ ಬೇಕಿತ್ತೇನ್ರೀ?"

"ಸ್ಟೆಪ್ಸಿಗೂ ಮಾರ್ಕ್ಸ್ ಇದೆ ಮಧು!"

ಮದುವೆಯ ಮರುವರ್ಷವೇ ದಿನೇಶ ಹುಟ್ಟಿದ್ದು. ಆಗ ಅಮ್ಮನಿಗೆ ಹದಿನೇಳು. ಈಗ ಅವನಿಗೆ ನಲವತ್ತಾರು. ಕೂಡಿದರೆ ಅರವತ್ತಮೂರು! ಗೆದ್ದೆ ಎಂದು ಮೇಷ್ಟ್ರು ಡಸ್ಟರ್ ಕುಟ್ಟಿದ.

ಹೊಸತೊಡಕಿನ ಬಾಡೂಟ ಅರಗುವ ಮೊದಲೇ ಜಯನಗರ ನಾಲ್ಕನೇ ಬ್ಲಾಕಿನಿಂದ ಕೇಕು ಬಂತು. ಕ್ರೀಮಿನಲ್ಲಿ ಬರೆದ ತನ್ನ ಹೆಸರನ್ನು ಸಪ್ಪಲಮ್ಮ ಮುಟ್ಟದೆ, ಗಾಳಿಯಲ್ಲೇ ಬೆರಳಿನಿಂದ ಸವರಿದಳು. ದಿನೇಶ ಆರು, ಮೂರರ ಕ್ಯಾಂಡಲ್ಲು ಚುಚ್ಚಿ ಭಾಷಣ ಶುರು ಮಾಡಿದ.

"ಹದಿನೇಳಕ್ಕೆ ನಲವತ್ತಾರು ಕೂಡ್ಸಿದ್ರೆ..."

"ನಲವತ್ತಾರು ಯಾರಿಗಪ್ಪಾ?"

"ನಂಗೇ ಕಣಮ್ಮ! ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲೇ ಇದೆ!"

"ಅದು ಹೆಡ್ಮೇಷ್ಟ್ರು ಬರೆದಿದ್ದು! ಮನೇಲಿ ನಿನ್ನ ಕಾಟ ತಡೀಲಾರ್ದೆ ನಿಮ್ಮಪ್ಪ ನಾಲ್ಕು ವರ್ಷಕ್ಕೇ ಸ್ಕೂಲಿಗೆ ಎಳ್ಕೊಂಡ್ ಹೋದ್ರು. ತಲೆ ಮೇಲಿಂದ ಕೈ ಹಾಕಿ ಆಚೆ ಕಿವಿ ಮುಟ್ಟು ಅಂದ್ರೆ ಕೈ ಎಟುಕ್ಲೇ ಇಲ್ಲ. ನಿಮ್ಮಪ್ಪನೇ ನಿನ್ನ ಬೆರಳು ಎಳೆದು ಮುಟ್ಟಿಸಿ, ಎರಡು ವರ್ಷ ಜಾಸ್ತಿ ಬರೆಸಿದ್ರು. ನಿಂಗೆ ನಲವತ್ನಾಲ್ಕೇ ಕಣೋ ಕಂದಾ."

ದಿನೇಶನ ಕೈ ತಾನಾಗಿ ತಲೆಯ ಮೇಲೆ ಹೋಗಿ ಆಚೆ ಕಿವಿಯನ್ನು ಹುಡುಕಿತು. ಅಂದರೆ ಅಮ್ಮನಿಗೆ ಅರವತ್ತೊಂದು! ಇಡೀ ಲೆಕ್ಕದಲ್ಲಿ ತಪ್ಪಿದ್ದು ಮೇಷ್ಟ್ರೊಬ್ಬನೇ!

"ಒಂದ್ ಕೇಕೂ ಸರಿಯಾಗಿ ತರಕ್ಕಾಗ್ಲಿಲ್ಲಮ್ಮ," ಎಂದ.

ಸಪ್ಪಲಮ್ಮ ಅವನ ಕೆನ್ನೆ ಸವರಿದಳು. "ಎರಡು ವರ್ಷ ವಾಪಸ್ ಕೊಟ್ಯಲ್ಲಪ್ಪಾ. ಇಂಥಾ ಉಡುಗೊರೆ ಯಾರ್ ಕೊಡ್ತಾರೆ?"

ಮಧುಶ್ರೀ ಮಾತ್ರ ಬೆರಳು ಮಡಚಿ ಏನೋ ಎಣಿಸುತ್ತಿದ್ದಳು. ಅವಳಿಗೆ ನಲವತ್ತೈದು. ಗಂಡ ದೊಡ್ಡವನೆಂಬ ಒಂದೇ ಕಾರಣಕ್ಕೆ ಇಷ್ಟು ವರ್ಷ "ರೀ" ಎನ್ನುತ್ತ ಬಂದವಳು ಸೆರಗು ಸಿಕ್ಕಿಸಿ ಎದ್ದು ನಿಂತಳು.

"ಲೋ ದಿನೇಶ, ಓಡ್ಹೋಗಿ ಒಂದನೇ ನಂಬರ್ ಕ್ಯಾಂಡಲ್ ತಗೊಂಡ್ ಬಾರೋ. ದೊಡ್ಡೋರ್ ಮಾತ್ ಕೇಳ್ಬೇಕು!"