ಮರ್ವ್ ಪೆಟಿಗ್ರೂ ಕಟ್ಟಿದ ಹೆರಿಗೆಮನೆ

ಕ್ರಿಸ್‌ಮಸ್ಸಿನ ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಮರ್ವ್ ಪೆಟಿಗ್ರೂ ಒಂದು ಮೊಟ್ಟೆಯ ಮೇಲೆ ಕುಳಿತ.

ಬೇಕೆಂದು ಕುಳಿತದ್ದಲ್ಲ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಅವನದೊಂದು ಆರಾಮಕುರ್ಚಿ ಇತ್ತು. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿ ಕಿವಿ ತೂತು ಮಾಡಿಕೊಂಡವನಿಗೆ, ನಿವೃತ್ತಿಯ ನಂತರ ಸ್ವಂತದ್ದೆಂದು ಉಳಿದಿದ್ದು ಆ ಕುರ್ಚಿ, ಅದರ ಪಕ್ಕದ ರೇಡಿಯೋ, ಮತ್ತು ವರ್ಷಕ್ಕೊಮ್ಮೆ ಇದೇ ಬಾಕ್ಸಿಂಗ್ ಡೇ ದಿನ ಮೆಲ್ಬರ್ನಿನಲ್ಲಿ ಶುರುವಾಗುವ ಟೆಸ್ಟ್ ಪಂದ್ಯ. ಹತ್ತೂವರೆಗೆ ಮೊದಲ ಚೆಂಡು. ಒಂದು ಕೈಯಲ್ಲಿ ನಿನ್ನೆ ಉಳಿದ ಹ್ಯಾಮಿನ ಸ್ಯಾಂಡ್‌ವಿಚ್, ಇನ್ನೊಂದರಲ್ಲಿ ತಣ್ಣಗಿನ ಬಿಯರು. ನಿಟ್ಟುಸಿರು ಬಿಟ್ಟು ಮೈ ಇಳಿಬಿಟ್ಟ. ಕೆಳಗೆ ಏನೋ ಪಚಕ್ ಎಂದಿತು.

ಅವನು ಮನೆಯೊಳಗೆ ನಡೆದು ಬಂದ ರೀತಿ ನೋಡಿಯೇ ಹೆಂಡತಿ ಡಲ್ಸಿಗೆ ವಿಷಯ ತಿಳಿಯಿತು.

"ಮೂರು ತಿಂಗಳಿಂದ ಬಡ್ಕೋತಾ ಇದ್ದೀನಿ. ಹಳೇ ಪೆಟ್ಟಿಗೆ ತಳ ಕಿತ್ತುಹೋಗಿದೆ, ಆರು ಕೋಳಿ ಮೊಟ್ಟೆ ಇಡೋಕೆ ಜಾಗ ಇಲ್ಲದೆ ಊರೆಲ್ಲಾ ಅಲೀತಿವೆ ಅಂತ. ನೀನು ನಾಳೆ ನಾಳೆ ಅಂದೆ. ಅವು ನಿನ್ನ ಕುರ್ಚಿ ನೋಡ್ಕೊಂಡ್ವು."

"ಪಂದ್ಯ ಮುಗೀಲಿ, ನಾಳೆ ಖಂಡಿತಾ..."

"ಪಂದ್ಯ ಐದು ದಿನ ಇರುತ್ತೆ ಮರ್ವ್. ನಂಗೊತ್ತಿಲ್ವಾ? ಕೋಳಿಗಳಿಗೆ ಜಾಗ ಆಗೋ ತನಕ ನಿಂಗೂ ಜಾಗ ಇಲ್ಲ. ಮೊದ್ಲು ಆ ಪ್ಯಾಂಟು ಬಿಚ್ಚು."

ಹೆಸರಿನಲ್ಲೇ ಅರ್ಧ ಪೆಟ್ಟಿಗೆ ಇಟ್ಟುಕೊಂಡು ಹುಟ್ಟಿದ್ದರೂ ಪೆಟಿಗ್ರೂ ಜೀವಮಾನದಲ್ಲಿ ಒಂದೇ ಒಂದು ಪೆಟ್ಟಿಗೆ ಮಾಡಿದವನಲ್ಲ. ಆದರೂ ಇದೇನು ಮಹಾ ಕೆಲಸ ಎಂದುಕೊಂಡ. ಬಿಯರಿನ ಖಾಲಿ ರಟ್ಟಿನ ಡಬ್ಬಗಳು ಎರಡು ಸಿಕ್ಕವು. ಒಳಗೆ ಒಂದಿಷ್ಟು ಹುಲ್ಲು ತುರುಕಿದ. ಕೋಳಿಗೂಡಿನ ಮೂಲೆಯಲ್ಲಿ ಇಟ್ಟ. ಒಟ್ಟು ನಾಲ್ಕು ನಿಮಿಷ. ಮೊದಲ ಓವರಿಗೆ ಇನ್ನೂ ಸಮಯವಿತ್ತು.

"ಅದೇನದು?"

ಬೇಲಿಯ ಮೇಲೆ ಒಂದು ತಲೆ ಮೂಡಿತ್ತು. ಪಕ್ಕದ ಮನೆಯ ಕ್ಲೆಮ್ ಡಾರ್ಗನ್. ಪುರಸಭೆಯಲ್ಲಿ ಕಟ್ಟಡ ತಪಾಸಣೆ ಮಾಡುತ್ತಿದ್ದವನು. ನಿವೃತ್ತನಾಗಿ ಆರು ವರ್ಷವಾದರೂ ಅಳತೆಯ ಟೇಪು ಇನ್ನೂ ಸೊಂಟ ಬಿಟ್ಟಿರಲಿಲ್ಲ. ಚರ್ಚಿಗೂ ಅದನ್ನು ಸಿಕ್ಕಿಸಿಕೊಂಡೇ ಹೋಗುತ್ತಿದ್ದ.

"ಕೋಳಿಗೆ ಪೆಟ್ಟಿಗೆ."

"ರಟ್ಟಿಂದಾ?" ಕ್ಲೆಮ್ ಬೇಲಿ ದಾಟಿ ಇಳಿದ. "ಮಾರಾಯ, ಒಂದು ಮಳೆಗೆ ಗಂಜಿ ಆಗುತ್ತೆ ಇದು. ಹೇನು ತುಂಬ್ಕೊಳ್ಳುತ್ತೆ. ಮೂವತ್ತು ಸೆಂಟಿಮೀಟರು ಅಗಲ, ಮೂವತ್ತು ಆಳ, ಮೂವತ್ತೈದು ಎತ್ತರ. ಮರದ್ದೇ ಆಗ್ಬೇಕು."

"ಇವತ್ತು ಅಂಗಡಿ ಎಲ್ಲಾ ಮುಚ್ಚಿದೆ ಕ್ಲೆಮ್."

"ಶೆಡ್ಡಲ್ಲಿ ಅಷ್ಟುದ್ದ ಮರದ ಅಲಮಾರು ಇಟ್ಕೊಂಡು ಅಂಗಡಿ ಅಂತೀಯಲ್ಲ! ಬಾಕ್ಸಿಂಗ್ ಡೇ ದಿನ ಬಾಕ್ಸು ಮಾಡದೆ ಇನ್ಯಾವತ್ತು ಮಾಡ್ತೀಯ?"

ತನ್ನ ಮಾತಿಗೆ ತಾನೇ ನಕ್ಕು ಕ್ಲೆಮ್ ಮಡಚುವ ಕುರ್ಚಿಯೊಂದನ್ನು ಹುಡುಕಿ ನೆರಳಲ್ಲಿ ಹಾಕಿಕೊಂಡ. ಮರ್ವನ ಬಿಯರು ತೆರೆದ. ಹತ್ತು ನಿಮಿಷದಲ್ಲಿ ಅಲಮಾರಿನ ಹಲಗೆಗಳು ನೆಲಕ್ಕೆ ಬಂದವು. ಅವುಗಳ ಮೇಲಿದ್ದ ಬಣ್ಣದ ಡಬ್ಬ, ಮೊಳೆ, ಮೀನಿನ ಗಾಳಗಳು ಸಂತೆಗೆ ಬಂದವರಂತೆ ಶೆಡ್ಡಿನ ತುಂಬ ಹರಡಿಕೊಂಡವು.

ಮರ್ವ್ ಕೊಯ್ದ, ಹೊಡೆದ, ಹೆಬ್ಬೆರಳಿಗೂ ಹೊಡೆದುಕೊಂಡ. ಹನ್ನೊಂದೂವರೆಗೆ ಎರಡು ಪೆಟ್ಟಿಗೆ ತಯಾರಾದವು. ಗೋಡೆಗೆ ಮೊಳೆ ಹೊಡೆದು ಕೂರಿಸಿದ.

"ತೆಗಿ, ತೆಗಿ!" ಕ್ಲೆಮ್ ಕುಳಿತಲ್ಲಿಂದಲೇ ಕೈ ಬೀಸಿದ. "ಅವು ಮಲಗೋ ಅಡ್ಡಕೋಲಿಗಿಂತ ಮೇಲಿದೆ. ಕೋಳಿಗೆ ಎತ್ತರದ ಜಾಗ ಕಂಡ್ರೆ ಅಲ್ಲೇ ನಿದ್ದೆ, ಅಲ್ಲೇ ಹಿಕ್ಕೆ. ಕೋಲಿಗಿಂತ ಕೆಳಗೆ ಇರ್ಬೇಕು."

ಕೆಳಗಿಳಿಸಿದ.

"ಅಷ್ಟು ಕೆಳಗಾ? ಇಲಿಗೆ ಕಟ್ತಿದ್ದೀಯಾ, ಕೋಳಿಗಾ?"

ಮೇಲೇರಿಸಿದ. ಆಮೇಲೆ ಚಾವಣಿ ಇಳಿಜಾರಿರಬೇಕು ಎಂದಾಯಿತು, ಇಲ್ಲವಾದರೆ ಮೇಲೆ ಹತ್ತಿ ಕೂರುತ್ತವಂತೆ. ಹುಲ್ಲು ಉದುರದಂತೆ ಮುಂದೆ ನಾಲ್ಕು ಬೆರಳೆತ್ತರದ ಪಟ್ಟಿ ಬೇಕು ಎಂದಾಯಿತು. ಶೆಡ್ಡಿನೊಳಗಿನ ರೇಡಿಯೋದಲ್ಲಿ ಇಡೀ ಮೈದಾನ ಒಮ್ಮೆಗೇ ಹೋ ಎಂದಿತು. ಯಾರೋ ಔಟಾದರು. ಮರ್ವ್ ಸುತ್ತಿಗೆ ಹಿಡಿದುಕೊಂಡೇ ಓಡಿದ.

"ಏಯ್, ಆ ಕಡೆ ಮಟ್ಟ ತಪ್ಪಿದೆ!" ಎಂದ ಕ್ಲೆಮ್.

ಮರ್ವ್ ಅರ್ಧ ದಾರಿಯಿಂದ ವಾಪಸ್ಸು ಬಂದ. ಮೂವತ್ತೊಂದು ವರ್ಷ ಮಕ್ಕಳ ಕೂಗಿಗೆ ಬಸ್ಸು ನಿಲ್ಲಿಸಿದವನಿಗೆ ಯಾರು ಕೂಗಿದರೂ ನಿಲ್ಲುವುದೇ ಅಭ್ಯಾಸವಾಗಿಬಿಟ್ಟಿತ್ತು.

ಮಧ್ಯಾಹ್ನದ ಹೊತ್ತಿಗೆ ಉತ್ತರದ ಬಿಸಿಗಾಳಿ ಎದ್ದಿತು. ನೊಣಗಳು ಬೆನ್ನಿಗೆ ಅಂಟಿಕೊಂಡವು. ಆಗ ಎದುರುಮನೆಯ ಗ್ಲೆನಿಸ್ ವಿಕೆರಿ, ನಿನ್ನೆ ಉಳಿದ ಹಣ್ಣು-ಕಸ್ಟರ್ಡಿನ ಬೋಗುಣಿ ಹಿಡಿದು ಬಂದಳು. ಗ್ಲೆನಿಸ್ ಊರಿನ ಆಸ್ಪತ್ರೆಯಲ್ಲಿ ಸೂಲಗಿತ್ತಿ ನರ್ಸಾಗಿದ್ದವಳು. ಅರ್ಧ ಊರನ್ನು ಕಾಲು ಹಿಡಿದು ತಲೆಕೆಳಗಾಗಿ ನೋಡಿದ್ದವಳಾದ್ದರಿಂದ ಅವಳಿಗೆ ಯಾರ ಮೇಲೂ ವಿಶೇಷ ಗೌರವವಿರಲಿಲ್ಲ.

"ಎಷ್ಟು ಜನ ತಾಯಂದಿರು?" ಎಂದು ಕೇಳಿದಳು.

"ಆರು," ಎಂದ ಮರ್ವ್.

"ಬೆಡ್ಡು?"

"ಎರಡು. ನಾಲ್ಕು ಕೋಳಿಗೆ ಒಂದು ಅಂತ ಲೆಕ್ಕ," ಎಂದು ಕ್ಲೆಮ್ ಗತ್ತಿನಿಂದ ಹೇಳಿದ. "ಆ ಪ್ರಕಾರ ಇದೇ ಜಾಸ್ತಿ."

"ಇಂಥ ಲೆಕ್ಕ ಹಾಕಿದವನು ಯಾವತ್ತಾದ್ರೂ ಹೆತ್ತಿದ್ದಾನಾ? ನೋವು ಬಂದಾಗ ಸರತೀಲಿ ನಿಲ್ಲು ಅಂತೀಯಾ? ನಾಚಿಕೆ ಆಗ್ಬೇಕು ನಿಮ್ಗೆ. ಒಬ್ಬೊಬ್ಬರಿಗೆ ಒಂದೊಂದು ಕೋಣೆ."

"ಶಾಸ್ತ್ರ ಏನು ಹೇಳುತ್ತೆ ಅಂದ್ರೆ..."

"ಕ್ಲೆಮ್, ಬೆಡ್ಡು ಸಿಗದೆ ನೀನು ಹುಟ್ಟಿದ್ದು ಹೊರಗೆ ಕಾರಿಡಾರಿನಲ್ಲಿ. ನಿಮ್ಮಮ್ಮ ನನ್ನ ಮೇಟ್ರನ್ ಹತ್ರ ಹೇಳ್ಕೊಂಡು ಅಳ್ತಿದ್ರಂತೆ. ನೀನಾದ್ರೂ ಅರ್ಥ ಮಾಡ್ಕೋಬೇಕಿತ್ತು."

ಕ್ಲೆಮ್ ಬಿಯರಿನ ಕಡೆ ತಿರುಗಿದ. ಕೋಣೆಗಳು ಆರಾದವು. ಅಲಮಾರಿನ ಮರ ಸಾಲದೆ ಮರ್ವನ ಕೆಲಸದ ಮೇಜು ಬಿಚ್ಚಿಕೊಂಡಿತು. ಸೂಲಗಿತ್ತಿಯ ಎರಡನೆಯ ಆಜ್ಞೆ ಕತ್ತಲು. ಶೆಡ್ಡಿನ ಕಿಟಕಿಯ ಪರದೆ ಆರು ತುಂಡಾಗಿ ಆರು ಬಾಗಿಲಿಗೆ ಬಂತು. ಮೂರನೆಯದು ಮೆತ್ತೆ.

"ಹುಲ್ಲಿದೆಯಲ್ಲ," ಎಂದ ಮರ್ವ್ ಸಣ್ಣ ದನಿಯಲ್ಲಿ.

"ಹುಲ್ಲಿನ ಕೆಳಗೆ?" ಎನ್ನುತ್ತ ಗ್ಲೆನಿಸ್ ಶೆಡ್ಡಿನೊಳಗೆ ಹೋಗಿ ಆರಾಮಕುರ್ಚಿಯ ದಿಂಬನ್ನು ಹೊತ್ತು ತಂದಳು. "ಹೇಗೂ ಮೊಟ್ಟೆ ಒಡೆದು ಹಾಳಾಗಿದೆ." ಕತ್ತರಿ ಕಚಕ್ಕೆಂದಿತು. ಮರ್ವ್ ಮುಖ ತಿರುಗಿಸಿಕೊಂಡ.

ನಾಲ್ಕನೆಯದು ಸುಳ್ಳು ಮೊಟ್ಟೆ. ಒಳಗೊಂದು ಮೊಟ್ಟೆ ಕಂಡರೆ ಕೋಳಿಗೆ ಧೈರ್ಯ ಬರುತ್ತದಂತೆ. ಕ್ಲೆಮ್ ಕೂಡ ಇದಕ್ಕೆ ತಲೆದೂಗಿದ. ಗುಂಡಗಿರುವುದು ಏನಾದರೂ ಇದೆಯೇ ಎಂದು ಇಬ್ಬರೂ ಶೆಡ್ಡು ಜಾಲಾಡಿದರು. ಗಾಜಿನ ಡಬ್ಬಿಯೊಂದರಲ್ಲಿ ಕೆಂಪು ಚೆಂಡೊಂದು ಸಿಕ್ಕಿತು. ನಲವತ್ತೇಳು ವರ್ಷದ ಹಿಂದೆ, ಪಕ್ಕದೂರಿನ ಮೇಲೆ ಮರ್ವ್ ಏಳು ವಿಕೆಟ್ಟು ಕಿತ್ತ ಚೆಂಡು. ತಂಡದ ಹನ್ನೊಂದು ಜನರ ಸಹಿ ಅದರ ಮೇಲಿತ್ತು. ಅವರಲ್ಲಿ ನಾಲ್ವರು ಈಗ ಇರಲಿಲ್ಲ.

"ಅದು ಬೇಡ!" ಮರ್ವ್ ಅರಚಿದ. ಆ ದಿನ ಅವನು ಆಡಿದ ಅತಿ ದೊಡ್ಡ ಮಾತು ಅದು.

"ಸರಿ ಹೇಳ್ದೆ," ಎಂದಳು ಗ್ಲೆನಿಸ್. "ಕೆಂಪು ಮೊಟ್ಟೆ ಯಾವ ಕೋಳಿ ಇಡುತ್ತೆ? ಬಿಳಿ ಬಣ್ಣ ಎಲ್ಲಿಟ್ಟಿದ್ದೀಯ?"

ಸಹಿಗಳು ಒಂದೊಂದಾಗಿ ಬಿಳಿ ಬಣ್ಣದೊಳಗೆ ಮುಳುಗುವುದನ್ನು ಮರ್ವ್ ನಿಂತು ನೋಡಿದ. ವಿಕೆಟ್‌ಕೀಪರನ ಸಹಿ ಕೊನೆಗೆ ಹೋಯಿತು.

ಇನ್ನು ಉಳಿದದ್ದು ರೇಡಿಯೋ. ಹೆರಿಗೆ ಕೋಣೆಯಲ್ಲಿ ಮೆಲ್ಲಗೆ ಏನಾದರೂ ಕೇಳುತ್ತಿದ್ದರೆ ನರ ಸಡಿಲವಾಗುತ್ತದೆ ಎಂದು ಗ್ಲೆನಿಸ್ ಅದನ್ನು ತಂದು ಕೋಳಿಗೂಡಿನ ತಂತಿಗೆ ನೇತುಹಾಕಿದಳು. ಮರ್ವನ ಮುಖ ಅರಳಿತು. ಇಲ್ಲೇ ನಿಂತು ಕೇಳಬಹುದಲ್ಲ! ವೀಕ್ಷಕ ವಿವರಣೆಗಾರ "ಎತ್ತರಕ್ಕೆ ಹೊಡೆದಿದ್ದಾರೆ, ಕೆಳಗೆ ಫೀಲ್ಡರ್ ಓಡಿ ಬರುತ್ತಿದ್ದಾರೆ, ಕೈಗೆ..." ಎನ್ನುವಷ್ಟರಲ್ಲಿ ಗ್ಲೆನಿಸ್ ಗುಂಡಿ ತಿರುಗಿಸಿದಳು. ವೀಣೆಯಂಥದ್ದೇನೋ ಟಿಂಗ್ ಟಿಂಗ್ ಎನ್ನತೊಡಗಿತು.

"ಹಿಡಿದ್ನಾ? ಹಿಡಿದ್ನಾ?" ಎಂದು ಮರ್ವ್ ಚಡಪಡಿಸಿದ.

"ಕಿರುಚಬೇಡ. ತಾಯಂದಿರು ಬರ್ತಿದ್ದಾರೆ."

ನಿಜವಾಗಿಯೂ ಬರುತ್ತಿದ್ದವು. ಬೆಳಗಿನಿಂದ ಗಲಾಟೆಗೆ ಹೆದರಿ ಹಿಪ್ಪುನೇರಳೆ ಮರದಡಿ ಸೇರಿದ್ದ ಆರು ಕೋಳಿಗಳು, ತಡೆಯಲಾರದೆ ಸಾಲಾಗಿ ಹೊರಟಿದ್ದವು. ಮುಂದಿದ್ದ ಕಂದು ಹೇಂಟೆ ಮೊದಲ ಪರದೆಗೆ ಕತ್ತು ತೂರಿಸಿತು. ಹೊರತೆಗೆದು ಕ್ಲೆಮ್ಮನನ್ನು ನೋಡಿತು. ಮತ್ತೆ ತೂರಿಸಿ, ಒಳಗೆ ಹೋಗಿ, ಮೂರು ಸುತ್ತು ತಿರುಗಿ ಕುಳಿತುಬಿಟ್ಟಿತು. ಅದರ ಹಿಂದೆ ಎರಡನೆಯದು, ಮೂರನೆಯದು. ಆರೂ ಕೋಣೆ ಭರ್ತಿ. ಕಾಲು ಗಂಟೆಯ ನಂತರ ಮೊದಲ ಕೋಣೆಯಿಂದ ವಿಜಯದ ಕೊಕ್ಕೊಕ್ಕೋ ಕೇಳಿತು.

ಮರ್ವನಿಗೆ ಕಣ್ಣು ತುಂಬಿ ಬಂತು. ಏಳು ವಿಕೆಟ್ಟು ಕಿತ್ತ ದಿನವೂ ಹೀಗಾಗಿರಲಿಲ್ಲ.

ಅಷ್ಟರಲ್ಲಿ ಗ್ಲೆನಿಸ್ ಫೋನು ಮಾಡಿ ಕರೆಸಿದ್ದ ಶ್ರೀಮತಿ ಆರ್ಮ್ಸ್‌ಬಿ ಬಂದಿಳಿದರು. ಊರಿನ ಕೋಳಿ ಸಾಕಣೆ ಸಂಘದ ಅಧ್ಯಕ್ಷೆ. ತಲೆಗೆ ಹುಲ್ಲಿನ ಟೋಪಿ, ಎದೆಗೆ ಬೆಳ್ಳಿಯ ಕೋಳಿ ಪಿನ್ನು. ಅವರು ಗೂಡಿನ ಮುಂದೆ ಬಹಳ ಹೊತ್ತು ನಿಂತರು. ಒಂದು ಪರದೆ ಸರಿಸಿದರು. ಒಳಗಿನ ಕೋಳಿ ಕೆಕ್ಕರಿಸಿತು. ಪರದೆ ಬಿಟ್ಟರು.

"ಹನ್ನೊಂದು ವರ್ಷದಿಂದ ನಾನು ಮೊಟ್ಟೆ ಪೆಟ್ಟಿಗೆ ಬಗ್ಗೆ ಭಾಷಣ ಮಾಡ್ತಾ ಬಂದಿದ್ದೀನಿ," ಎಂದರು ಟೋಪಿ ತೆಗೆದು. "ಕೋಳಿ ಅದರೊಳಗೆ ಹೋಗಿದ್ದನ್ನ ಇವತ್ತೇ ನೋಡ್ತಿರೋದು."

"ಹಾಗಾದ್ರೆ ನಿಮ್ಮ ಕೋಳಿಗಳು, ಮೇಡಂ?" ಎಂದು ಕೇಳಿದ ಮರ್ವ್.

"ಪಿಯಾನೋ ಒಳಗಡೆ," ಎಂದರು ಅಧ್ಯಕ್ಷೆ ನೆಲ ನೋಡುತ್ತ. "ಎರಡು ವರ್ಷದಿಂದ ನುಡಿಸಿಲ್ಲ."

ಮರ್ವ್ ಗ್ಲೆನಿಸಳ ಕಡೆ ತಿರುಗಿದ. ಅವಳ ಕೋಳಿಗಳು ಅತಿಥಿಕೋಣೆಯ ಮಂಚ ಹಿಡಿದು ಎರಡು ವರ್ಷವಾಗಿತ್ತು. ತಂಗಿ ಬಂದರೆ ಮಲಗಿಸಲು ಜಾಗವಿರಲಿಲ್ಲ. ಕ್ಲೆಮ್ಮನ ಕಡೆ ತಿರುಗಿದ.

"ನನ್ನ ಹಳೇ ಪಿಕಪ್ ಗಾಡಿ ಇದೆಯಲ್ಲ," ಎಂದ ಕ್ಲೆಮ್. "ಅದರ ಮುಂದಿನ ಸೀಟಲ್ಲಿ."

"ನೀನು ಸೆಂಟಿಮೀಟರ್ ಲೆಕ್ಕ ಹೇಳಿದ್ಯಲ್ಲೋ!"

"ಮಾರಾಯ, ನಾನು ತಪಾಸಣೆಯವನು. ಮೂವತ್ತು ವರ್ಷದಲ್ಲಿ ಬೇರೆಯವರು ಕಟ್ಟಿದ್ದನ್ನ ಸಾವಿರ ಸಲ ಬೀಳಿಸಿದ್ದೀನಿ. ನಾನೇ ಒಂದು ಕಟ್ಟಿದ್ದಿಲ್ಲ."

ಮರ್ವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಗಂಟೆ ನಾಲ್ಕು, ಇನ್ನೂ ಒಂದೂವರೆ ಗಂಟೆಯ ಆಟ ಬಾಕಿ. ತಂತಿಯಿಂದ ರೇಡಿಯೋ ಬಿಚ್ಚಿಕೊಂಡು, ಎಲ್ಲರಿಗೂ ಕೈಮುಗಿದಂತೆ ತಲೆಬಾಗಿ ಶೆಡ್ಡಿಗೆ ನಡೆದ. ಅಲಮಾರಿಲ್ಲ, ಮೇಜಿಲ್ಲ, ಪರದೆಯಿಲ್ಲ; ಪಶ್ಚಿಮದ ಬಿಸಿಲು ನೇರ ಕಣ್ಣಿಗೆ. ಕುರ್ಚಿಯ ಬರಿಯ ಸ್ಪ್ರಿಂಗುಗಳ ಮೇಲೆ ಮೊದಲು ಕೈಯಾಡಿಸಿ ನೋಡಿ, ಆಮೇಲೆ ಕುಳಿತ. ಚುಚ್ಚಿದರೂ ಅದು ಅವನದೇ ಕುರ್ಚಿ. ಗುಂಡಿ ತಿರುಗಿಸಿದ.

ಡಲ್ಸಿ ಬಾಗಿಲಲ್ಲಿ ನಿಂತಿದ್ದಳು. ಮದುವೆಯ ದಿನದ ನಂತರ ಅವಳ ಮುಖದಲ್ಲಿ ಇಂಥ ನಗು ಅವನು ಕಂಡಿರಲಿಲ್ಲ.

"ಮರ್ವ್, ನಂಗೆ ಎಷ್ಟು ಹೆಮ್ಮೆ ಆಗ್ತಿದೆ ಗೊತ್ತಾ? ಮೇಡಂ ನನ್ನನ್ನೇ ಸಂಘದ ಉಪಾಧ್ಯಕ್ಷೆ ಮಾಡಿದ್ರು!"

"ಒಳ್ಳೇದೇ ಆಯ್ತು ಕಣೇ. ಬಾಗಿಲು ಸ್ವಲ್ಪ..."

"ಕೋಳಿ ಕೋಳೀನ ನೋಡಿ ಕಲಿಯುತ್ತಂತೆ. ಅದಕ್ಕೇ ಅವರೆಲ್ಲ ತಮ್ಮ ಕೋಳಿಗಳನ್ನ ಈಸ್ಟರ್ ತನಕ ಇಲ್ಲೇ ತರಬೇತಿಗೆ ಬಿಡ್ತಿದ್ದಾರೆ. ಒಟ್ಟು ಇಪ್ಪತ್ಮೂರು. ರಾತ್ರಿ ಮಲಗೋಕೆ ಗೂಡಲ್ಲಿ ಜಾಗ ಸಾಲಲ್ಲ, ಶೆಡ್ಡು ಹೇಗೂ ಖಾಲಿ ಆಯ್ತಲ್ಲ ಅಂದೆ. ಎದ್ದೇಳು, ಎದ್ದೇಳು!"

ಅವಳ ಹಿಂದೆ ಬುಟ್ಟಿಗಳು ಬರುತ್ತಿದ್ದವು. ಪಿಯಾನೋ ಕೋಳಿಗಳು ಮೊದಲು ಇಳಿದವು. ಅವುಗಳ ಬೆನ್ನಿಗೇ ಮಂಚದವು, ಪಿಕಪ್ಪಿನವು. ಐದು ನಿಮಿಷದಲ್ಲಿ ಶೆಡ್ಡು ಹಬ್ಬದ ಹಿಂದಿನ ದಿನದ ಬಸ್‌ನಿಲ್ದಾಣದಂತಾಯಿತು. ಒಂದು ದಪ್ಪ ಬಿಳಿ ಹೇಂಟೆ ರೇಡಿಯೋದ ಮೇಲೆ ಹಾರಿ ಕುಳಿತು ಅದನ್ನು ನೆಲಕ್ಕೆ ಬೀಳಿಸಿತು. ಅದರ ಉಸಿರು ನಿಂತುಹೋಯಿತು, ರೇಡಿಯೋದ್ದು, ಹೇಂಟೆಯದ್ದಲ್ಲ.

ಮರ್ವ್ ಹೊರಗೆ ಬಂದು ಬೇಲಿಗೆ ಒರಗಿ ನಿಂತ. ಸುತ್ತ ಈಗ ಯಾರೂ ಇರಲಿಲ್ಲ. ಆಗ ಬೇಲಿಯಾಚೆಯಿಂದ ಮೈದಾನದ ಗದ್ದಲ, ವಿವರಣೆಗಾರನ ಪರಿಚಿತ ದನಿ ತೇಲಿಬಂತು. ಇಣುಕಿದ.

ಬೇವಿನಂಥ ದಟ್ಟ ಮರವೊಂದರ ನೆರಳಲ್ಲಿ ಕ್ಲೆಮ್ಮನ ಹಳೇ ಪಿಕಪ್ಪು ನಿಂತಿತ್ತು. ಗುಡಿಸಿ ಒರೆಸಿದ ಮುಂದಿನ ಸೀಟಿನಲ್ಲಿ ಕ್ಲೆಮ್ ಕಾಲು ಚಾಚಿ ಮಲಗಿದಂತೆ ಕುಳಿತಿದ್ದ. ಗಾಡಿಯ ರೇಡಿಯೋ ಗಟ್ಟಿಯಾಗಿ ಕೂಗುತ್ತಿತ್ತು. ಕೈಯಲ್ಲಿ ಮರ್ವನ ಕೊನೆಯ ಬಿಯರು.

"ಎಷ್ಟಾಯ್ತು ಕ್ಲೆಮ್? ಸ್ಕೋರ್ ಎಷ್ಟು?"

"ಶ್!" ಎಂದ ಕ್ಲೆಮ್ ಕಣ್ಣು ತೆರೆಯದೆ. "ಮೂರು ವರ್ಷದ ಮೇಲೆ ಈ ಸೀಟಲ್ಲಿ ಕೂತಿದ್ದೀನಿ ಮಾರಾಯ. ಸ್ವಲ್ಪ ಸುಮ್ನಿರು."

"ಪಕ್ಕದ ಸೀಟು ಖಾಲಿ ಇದ್ರೆ, ನಾನೂ ಒಂದು ಗಳಿಗೆ..."

ಪಕ್ಕದ ಕಿಟಕಿಯಿಂದ ಕಸ್ಟರ್ಡಿನ ಚಮಚವೊಂದು ಹೊರಚಾಚಿ ಅವನನ್ನು ತಡೆಯಿತು.

"ಖಾಲಿ ಇಲ್ಲ," ಎಂದಳು ಗ್ಲೆನಿಸ್. "ನೀನು ಅಲ್ಲಿಂದ ಬಂದ್ರೆ ಆ ಇಪ್ಪತ್ತೊಂಬತ್ತು ತಾಯಂದಿರನ್ನ ಯಾರು ನೋಡ್ತಾರೆ? ಹೋಗು, ನೀರಿಡು. ಔಟಾದ್ರೆ ಕೂಗಿ ಹೇಳ್ತೀವಿ."