ಮಾವನ ತುಪ್ಪಕ್ಕೆ ನನ್ನ ಕಾವಲು

ಬೇರೆಯವರ ಮನೆಗೆ ಜಡ್ಡು ಜಾಪತ್ರೆ ಬಂದರೆ ಮನೆಯವರು ಅಳುತ್ತಾರೆ. ನಮ್ಮ ಮನೆಗೆ ಬಂದರೆ ಓಣಿಯೇ ನಗುತ್ತದೆ. ಅದರಲ್ಲೂ ನಾನು ನಡುವೆ ಕೈ ಹಾಕಿದೆನೆಂದರೆ ಮುಗಿಯಿತು. ನಾನು ಹುನಗುಂದ ಕಡೆಯ ಹಳ್ಳಿಯ ಹುಡುಗ. ಜೋಳದ ಚೀಲ ಒಂದೇ ಕೈಯಲ್ಲಿ ಎತ್ತುತ್ತೇನೆ. ಸುಳ್ಳೆನಿಸಿದರೆ ಚೀಲ ತಂದು ನೋಡಿ.

೧. ಫಸ್ಟ್ ಬಂದ ಮಾವ

ನನ್ನ ಸೋದರಮಾವ ಇಳಕಲ್ಲಿನಲ್ಲಿ ಸೀರೆ ನೇಯುತ್ತಾನೆ; ನಾನೂ ಅವನ ಮನೆಯಲ್ಲೇ ಇರುತ್ತೇನೆ. ಆಳು ಮಗ್ಗದ ಲಾಳಿಯಷ್ಟೇ ತೆಳ್ಳಗೆ. ಒಂದು ದಿನ "ಎದಿ ಹಿಡದಂಗ ಆಗಾಕತ್ತೈತಿ" ಅಂದದ್ದೇ ತಡ, ಬಾಗಲಕೋಟೆಯ ದವಾಖಾನೆಗೆ ಎಳೆದೊಯ್ದೆ. ರಕ್ತ ತೆಗೆದರು.

"ಕೊಲೆಸ್ಟ್ರಾಲ್ ಭಾಳ ಐತ್ರಿ," ಎಂದರು ಡಾಕ್ಟರು. "ಕಾಲವಿಯಾಗ ಹೂಳು ತುಂಬಿದಂಗ ರಕ್ತನಾಳದಾಗ ಕೊಬ್ಬು ಕುಂತೈತಿ. ನೀರು ನಿಂತ್ರ ಹೊಲ ಒಣಗತೈತಿ, ರಕ್ತ ನಿಂತ್ರ ಹಾರ್ಟ್ ಅಟ್ಯಾಕ್."

ಮಾವ ತನ್ನ ಪಕ್ಕೆಲುಬು ಮುಟ್ಟಿ ನೋಡಿಕೊಂಡ. "ಕೊಬ್ಬು? ನನ್ನ ಮೈಯಾಗ? ಯಾರದೋ ರಕ್ತ ಅದಲಿಬದಲಿ ಆಗಿರಬೇಕ್ರಿ!"

"ಸಣಕಲು ಮಂದಿಗೂ ಬರತೈತ್ರಿ. ಹೊರಗ ಕಾಣೂದಿಲ್ಲ, ಅದಕ್ಕ ಅಂಜಿಕಿ."

ನಾನು ಎದೆಯುಬ್ಬಿಸಿದೆ. "ನಮ್ಮ ಮನಿತನದಾಗ ಯಾವುದ್ರಾಗೂ ಕಡಿಮಿ ಬಂದವ್ರಿಲ್ರಿ. ಇದ್ರಾಗೂ ಫಸ್ಟ್!"

ಡಾಕ್ಟರು ಚಷ್ಮಾ ತೆಗೆದರು. "ತಮ್ಮಾ, ಇದ್ರಾಗ ಫಸ್ಟ್ ಬಂದವ್ರು ಮ್ಯಾಲ ಹೋಗೂದ್ರಾಗೂ ಫಸ್ಟ್."

೨. ಮಾತಾಡಿಸಲು ಬಂದವರು

ಡಾಕ್ಟರು ಗುಳಿಗೆ ಕೊಟ್ಟು, ಬೆಣ್ಣೆ, ತುಪ್ಪ, ಕರಿದದ್ದು ಬಂದ್ ಮಾಡಿಸಿದರು. ಅತ್ತೆ ಗಾಬರಿಯಾಗಿ ಎಸ್‌ಟಿಡಿ ಬೂತಿನಿಂದ ಗುಳೇದಗುಡ್ಡದ ತಂಗಿಗೆ ಒಂದೇ ಒಂದು ಫೋನು ಮಾಡಿದಳು. ಮರುದಿನ ಬಾದಾಮಿಯ ಬೀಗರ ತನಕ ಎಲ್ಲರೂ ಹಾಜರು. ಜಡ್ಡಿನವರನ್ನು ಮಾತಾಡಿಸಲು ಬರಿಗೈಲಿ ಬರುವುದುಂಟೇ? ಒಬ್ಬರು ತುಪ್ಪದಲ್ಲಿ ಮಾಡಿದ ಕರದಂಟು ತಂದರು, ಒಬ್ಬರು ಬೆಣ್ಣೆ. ಬೀಗರಂತೂ ತುಪ್ಪದ ಡಬ್ಬಿಯನ್ನೇ ಹೊತ್ತು ತಂದರು.

"ಇವ್ರು ತುಪ್ಪ ತಿನಬಾರ್ದಂತ," ಅತ್ತೆ ಅಳುಮುಖ ಮಾಡಿದಳು.

ಬೀಗತಿ ಮುದುಕಿ ಬಾಯಿ ಮುಚ್ಚಿಸಿದಳು: "ಅಯ್ಯ ಯವ್ವಾ, ತುಪ್ಪ ಬಿಡಾಕರ ಮೈಯಾಗ ಶಕ್ತಿ ಬೇಕಲ್ಲ! ಮೊದ್ಲ ತಿನ್ಲಿ, ಆಮ್ಯಾಲ ಬಿಡ್ಲಿ."

೩. ಜಪ್ತಿ

ಅವತ್ತೇ ನಾನು ಹೊಸ್ತಿಲ ಮೇಲೆ ಕುಳಿತೆ. "ನಾ ಇರೂತನಕ ಒಂದ್ ಹನಿ ತುಪ್ಪ ಒಳಗ ಹೋಗೂದಿಲ್ಲ!"

ಹೋಗಲೂ ಇಲ್ಲ. ಆದರೆ ತಂದದ್ದನ್ನು ಮರಳಿ ಕೊಟ್ಟರೆ ಬೀಗತನ ಕೆಡುತ್ತದೆ, ಚೆಲ್ಲಿದರೆ ಪಾಪ. ಹೀಗಾಗಿ ನಾನೇ ತಿಂದೆ. ಒಳಗೆ ಮಾವ ಒಣರೊಟ್ಟಿ, ಪುಂಡಿಪಲ್ಲೆ ನುಂಗುತ್ತ ಒದರಿದ: "ಲೇ ಅಳ್ಯಾ, ನನ್ನ ಜಡ್ಡು ನಿನಗ ಹಬ್ಬ ಆತಲ್ಲೋ!"

"ತಿನ್ನಾಕತ್ತಿಲ್ಲ ಮಾವಾ, ಜಪ್ತಿ ಮಾಡಾಕತ್ತೇನಿ. ನಿನ್ನ ಜೀವಾ ಉಳಸಾಕ!"

೪. ಕಾವಲು ಬದಲಿ

ಕೆಲ ತಿಂಗಳ ಮೇಲೆ ಮತ್ತೆ ಪರೀಕ್ಷೆ. ಮಾವನ ಕೊಲೆಸ್ಟ್ರಾಲ್ ಇಳಿದಿತ್ತು.

"ಎಲ್ಲಾ ನನ್ನ ಕಾವಲಿನ ಪ್ರತಾಪರಿ," ಎಂದೆ.

ಡಾಕ್ಟರು ಬಿಗಿದು ನಿಂತಿದ್ದ ನನ್ನ ಅಂಗಿಯ ಗುಂಡಿಗಳನ್ನೇ ನೋಡುತ್ತಿದ್ದರು. "ಇವಂದೂ ರಕ್ತ ತಗೀರಿ."

"ತಗೀರಿ! ಕಲ್ಲಿನಂಥಾ ಮೈ ಐತಿ!"

ಸಂಜೆ ಫಲಿತಾಂಶ ಬಂತು. ಮಾವನ ಹಳೇ ದಾಖಲೆ ಮುರಿದಿದ್ದೆ.

ಅತ್ತೆ ಮತ್ತೆ ಬೂತಿಗೆ ಓಡಿದಳು. ಮರುದಿನ ಅದೇ ಬೀಗರು, ಅದೇ ಕರದಂಟು. ಈಗ ನಾನು ಒಳಗೆ, ಮುಂದೆ ಒಣರೊಟ್ಟಿ. ಹೊಸ್ತಿಲ ಮೇಲೆ ಮಾವ.

"ಅಳ್ಯಾ, ಚಿಂತಿ ಬಿಡು. ನಾ ಇರೂತನಕ ಒಂದ್ ಚೂರೂ ಒಳಗ ಬರೂದಿಲ್ಲ!"

ಕಣ್ಣು ತುಂಬಿ ಬಂತು. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಕರುಂ ಕುರುಂ ಸಪ್ಪಳ.

"ಮಾವಾ! ಏನ್ ಮಾಡಾಕತ್ತೀ?"

ತುಂಬಿದ ಬಾಯಿಂದ ಉತ್ತರ ಬಂತು: "ಜಪ್ತಿ ಮಾಡಾಕತ್ತೇನಿ, ಸುಮ್ನ ಮಲ್ಕೋಲೇ!"