ನನ್ನ ಮಟ್ಟೆ ಗುಂಡಿ, ಚಿತ್ತಯ್ಯನವರ ಕುರಿಗಳು

ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವವನು. ಆದರೂ ನೀರಿನ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂಬ ನಂಬಿಕೆ ಕಳೆದ ಮುಂಗಾರಿನವರೆಗೂ ಗಟ್ಟಿಯಾಗಿತ್ತು. ಇರದೆ ಇನ್ನೇನು? ಹುಟ್ಟಿದ್ದು ತಿಪಟೂರು ಸೀಮೆಯ ತೆಂಗಿನ ತೋಟದಲ್ಲಿ. ತೊಟ್ಟಿಲು ಕಟ್ಟಿದ್ದು ಕೊಬ್ಬರಿ ಅಟ್ಟದ ಕೆಳಗೆ!

ನಮ್ಮ ಕಾಲೇಜು ಊರಾಚೆಯ ದಿಬ್ಬದ ಮೇಲಿದೆ. ದಿಬ್ಬದ ಬುಡದಲ್ಲಿ ಒಂದು ಕಟ್ಟೆ, ಅಂದರೆ ಕೆರೆಯ ಚಿಕ್ಕ ತಂಗಿ. ಮಳೆ ಬಂದರೆ ಕಾಲೇಜಿನ ಛಾವಣಿ, ಅಂಗಳ, ಬೈಕು ನಿಲ್ಲಿಸುವ ಜಾಗ ಎಲ್ಲವನ್ನೂ ತೊಳೆದುಕೊಂಡು ನೀರು ಚರಂಡಿ ಹಿಡಿದು ಆ ಕಟ್ಟೆಗೆ ಇಳಿಯುತ್ತದೆ. ಆಚೆ ದಡದ ಹಟ್ಟಿಯಲ್ಲಿ ಚಿತ್ತಯ್ಯನವರ ಮನೆ. ಅವರ ಕುರಿಗಳು ಕುಡಿಯುವುದು ಅದೇ ನೀರು. ಹತ್ತಿರದಲ್ಲಿ ಬೇರೆ ನೀರಿಲ್ಲ.

ಪ್ರಾಂಶುಪಾಲರು ಸಭೆ ಕರೆದು, "ಈ ಸಲ ನಮ್ಮ ಕೊಳೆ ಕಟ್ಟೆಗೆ ಹೋಗಬಾರದು. ಚರಂಡಿಯ ಕೊನೆಯಲ್ಲಿ ಗುಂಡಿ ತೆಗೆಸಿ, ಜಲ್ಲಿ ಮರಳು ತುಂಬಿಸಿ, ನೀರನ್ನ ಸೋಸಿ ಬಿಡೋಣ. ಯಾರು ನೋಡ್ಕೋತೀರಿ?" ಎಂದರು. ಎಲ್ಲರೂ ತಮ್ಮ ತಮ್ಮ ಕಾಫಿ ಲೋಟದೊಳಗೆ ನೋಡಿದರು. ನಾನೊಬ್ಬನೇ ತಲೆ ಎತ್ತಿದೆ.

"ಜಲ್ಲಿ ಮರಳು ಯಾಕೆ ಸಾರ್? ನಮ್ಮ ತೋಟದಲ್ಲಿ ಮರದ ಸಾಲಿನ ನಡುವೆ ಕಾಯಿ ಸುಲಿದ ಮಟ್ಟೆ ಹೂಳ್ತೀವಿ. ಎಂಥ ಮಳೆ ಬಂದ್ರೂ ಹೀರ್ಕೊಂಡು ಕೂತಿರುತ್ತೆ. ಗುಂಡಿಗೂ ಅದನ್ನೇ ತುಂಬೋಣ. ಮಟ್ಟೆ ನಮ್ಮನೆಯಿಂದಲೇ ತರಿಸ್ತೀನಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಲಸ ತಪ್ಪಿದವರ ಚಪ್ಪಾಳೆ ಯಾವಾಗಲೂ ಜೋರು.

ಮನೆಯಲ್ಲಿ ನನ್ನ ಹೆಂಡತಿ ಗಿರಿಜಾ ಮಾತ್ರ ತಟ್ಟಲಿಲ್ಲ. "ರೀ, ತೋಟದಲ್ಲಿ ಮಟ್ಟೆ ಮೇಲೆ ಮಣ್ಣು ಮುಚ್ತಾರೆ. ಅಲ್ಲಿ ಏನ್ ಮುಚ್ತೀರಿ?"

"ಮುಚ್ಚಿದರೆ ನೀರು ಇಳಿಯೋದು ಹೇಗೆ? ಇದು ವಿಜ್ಞಾನ ಕಣೇ."

"ಅರ್ಥಶಾಸ್ತ್ರದ ಮೇಷ್ಟ್ರ ವಿಜ್ಞಾನ. ಮಾಡಿ, ಮಾಡಿ," ಎಂದು ಒಳಗೆ ಹೋದಳು.

ಮಾಡಿದೆ. ಟ್ರ್ಯಾಕ್ಟರಿನಲ್ಲಿ ಮಟ್ಟೆ ಬಂತು. ಒಂದೊಂದನ್ನೂ ಅಂಗಾತ ಜೋಡಿಸಬೇಕೆಂದು ವಿದ್ಯಾರ್ಥಿಗಳಿಗೆ ಗುಂಡಿಯ ದಡದಲ್ಲಿ ನಿಂತು ಪಾಠ ಮಾಡಿದೆ. ಪ್ರಾಂಶುಪಾಲರು ಕಾಯಿ ಒಡೆದು ಗುಂಡಿಯನ್ನು ಲೋಕಾರ್ಪಣೆ ಮಾಡಿದರು. ಆ ಸಂಜೆಯೇ ತುಂತುರು ಮಳೆ. ಛತ್ರಿ ಹಿಡಿದು ಕಾದೆ. ಗುಂಡಿಯಿಂದ ಒಂದು ಹನಿಯೂ ಆಚೆ ಬರಲಿಲ್ಲ! ನಾಡಿನ ಉಳಿದ ಕಾಲೇಜುಗಳಿಗೂ ಮಾರ್ಗದರ್ಶನ ನೀಡಲು ಮಾನಸಿಕವಾಗಿ ಸಿದ್ಧನಾದೆ.

ಮಟ್ಟೆ ನೀರನ್ನು ಹಿಡಿದಿಟ್ಟುಕೊಂಡಿತು, ನಿಜ. ಆದರೆ ಹಿಡಿದದ್ದನ್ನು ಬಿಡಲೂ ಇಲ್ಲ. ವಾರ ಕಳೆಯುವುದರೊಳಗೆ ಗುಂಡಿಯಲ್ಲಿ ನಿಂತ ನೀರು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ಅದರ ವಾಸನೆ ಗ್ರಂಥಾಲಯದವರೆಗೂ ನಡೆದುಕೊಂಡು ಹೋಯಿತು. ಸಸ್ಯಶಾಸ್ತ್ರದ ಮೇಡಂ ಮೂಗು ಮುಚ್ಚಿಕೊಂಡು, "ಏನ್ ಸಾರ್ ಇದು?" ಎಂದರು. "ಔಷಧೀಯ ಗುಣ ಇರಬೇಕು ಮೇಡಂ," ಎಂದೆ. ಸೋತವನ ಬಾಯಲ್ಲಿ ಆಯುರ್ವೇದ ತಾನಾಗಿಯೇ ಬರುತ್ತದೆ.

ಆಮೇಲೆ ಬಂತು ನೋಡಿ ನಿಜವಾದ ಮಳೆ. ಧೋ ಎಂದು ಸುರಿಯಿತು. ನೀರು ನುಗ್ಗಿದ ರಭಸಕ್ಕೆ ನನ್ನ ಮಟ್ಟೆಗಳು ಒಂದೊಂದಾಗಿ ಮೇಲೆದ್ದು ತೇಲತೊಡಗಿದವು. ತೋಟದಲ್ಲಿ ಅವುಗಳ ಮೇಲೆ ಮಣ್ಣಿನ ಭಾರವಿರುತ್ತದೆ. ಇಲ್ಲಿ ಇದ್ದದ್ದು ನನ್ನ ಆತ್ಮವಿಶ್ವಾಸದ ಭಾರ ಮಾತ್ರ. ಎಲ್ಲವೂ ಗುಂಡಿಯಿಂದ ನೀರು ಹೊರಬೀಳುವ ಬಾಯಿಗೆ ಹೋಗಿ ಸಿಕ್ಕಿಕೊಂಡವು. ದಾರಿ ಕಟ್ಟಿದ ನೀರು ವಾಪಸ್ ತಿರುಗಿ ಕ್ಯಾಂಟೀನಿಗೆ ನುಗ್ಗಿತು. "ಸಾರ್, ಒಲೆ ಆರಿಹೋಯ್ತು! ಏನಾರ ಮಾಡಿ!" ಎಂದು ಕ್ಯಾಂಟೀನಿನವರು ಕೂಗಿಕೊಂಡರು.

ನಾನು ಏನಾದರೂ ಮಾಡಿದೆ. ಅದೇ ತಪ್ಪಾಗಿದ್ದು! ಉದ್ದನೆಯ ಗಳ ತಂದು, ಕಾಸೆ ಕಟ್ಟಿದ ಕುಸ್ತಿಪಟುವಿನ ಹಾಗೆ ನಿಂತು, ಸಿಕ್ಕಿಕೊಂಡ ಮಟ್ಟೆಗಳನ್ನು ಬಲವಾಗಿ ತಿವಿದೆ. ಪುಳಕ್ ಎಂದು ದಾರಿ ಬಿಟ್ಟಿತು. ಕ್ಯಾಂಟೀನು ಉಳಿಯಿತು. ಮಟ್ಟೆ, ಡಿಕಾಕ್ಷನ್, ವಾಸನೆ, ಎಲ್ಲವೂ ಒಟ್ಟಿಗೆ ದಿಬ್ಬ ಇಳಿದು ಕಟ್ಟೆ ಸೇರಿದವು. ನನ್ನ ಸೇವಾವಧಿಯಲ್ಲಿ ಇಷ್ಟು ತ್ವರಿತವಾಗಿ ಪೂರ್ಣಗೊಂಡ ಕಾಮಗಾರಿ ಇನ್ನೊಂದಿಲ್ಲ.

ಎರಡು ದಿನ ಬಿಸಿಲು ಹೊಡೆದ ಮೇಲೆ ನಾನು ತರಗತಿಯಲ್ಲಿದ್ದೆ. ಒಬ್ಬರು ಮಾಡಿದ ಕೆಲಸದ ಹೊರೆ ಏನೂ ಸಂಬಂಧವಿಲ್ಲದ ಇನ್ನೊಬ್ಬರ ಮೇಲೆ ಬೀಳುವುದನ್ನು ಅರ್ಥಶಾಸ್ತ್ರ ಹೇಗೆ ನೋಡುತ್ತದೆ ಎಂದು ವಿವರಿಸುತ್ತಿದ್ದೆ. "ಉದಾಹರಣೆಗೆ..." ಎಂದೆ. ಬಾಗಿಲಲ್ಲಿ ಒಂದು ಕುರಿ ಕಾಣಿಸಿತು. ಅದರ ಹಿಂದೆ ಇನ್ನೊಂದು. ನೋಡನೋಡುತ್ತಿದ್ದಂತೆ ಪಡಸಾಲೆ ತುಂಬಾ ಕುರಿ! ಆ ದಿನದ ಹಾಜರಾತಿ ನೂರಕ್ಕೆ ನೂರು ಮೀರಿತು.

ಹಿಂದೆಯೇ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಚಿತ್ತಯ್ಯನವರು ಬಂದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಮೇಷ್ಟ್ರೇ, ಕಟ್ಟೆ ನೀರ ಮೂಸ್ತಾವೆ, ಹಿಂದುಕ್ ಬತ್ತಾವೆ. ಬಾಯಿ ಇಕ್ತಾ ಇಲ್ಲ. ಗಬ್ಬದ ಕುರಿ ಅವೆ ಕಣಪ್ಪ. ಇವನ್ನ ಎಲ್ಲಿಗ್ ಹೊಡ್ಕೊಂಡ್ ಹೋಗ್ಲಿ, ನೀವೇ ಹೇಳಿ."

ಹುಡುಗರು ನಗುವುದನ್ನು ನಿಲ್ಲಿಸಿದ್ದರು. ನಾನೇ ಹೋಗಿ ಕೈತೊಳೆಯುವ ನಲ್ಲಿಗೆ ಪೈಪು ಸಿಕ್ಕಿಸಿ, ಒಂದು ನೀಲಿ ಡ್ರಮ್ಮನ್ನು ಅರ್ಧಕ್ಕೆ ಕೊಯ್ಯಿಸಿ ನೀರು ತುಂಬಿಸಿದೆ. ಕುರಿಗಳು ತಲೆ ಎತ್ತದೆ ಕುಡಿದವು. ಅಂದಿನಿಂದ ಕಟ್ಟೆ ತಿಳಿಯಾಗುವವರೆಗೂ ಬೆಳಿಗ್ಗೆ ಡ್ರಮ್ಮು ತುಂಬಿಸುವುದು ನನ್ನ ಮೊದಲ ತರಗತಿಯಾಯಿತು.

ರಜೆಯ ದಿನ ಪ್ಯಾಂಟು ಮಡಿಸಿ ನಾನೂ ವಿದ್ಯಾರ್ಥಿಗಳೂ ಕಟ್ಟೆಗಿಳಿದು ಮಟ್ಟೆ ಆರಿಸಿದೆವು. ಒಂದೊಂದರ ನಾರಿನಲ್ಲೂ ಬೈಕಿನ ಆಯಿಲ್ಲು, ಕ್ಯಾಂಟೀನಿನ ಜಿಡ್ಡು, ಪ್ಲಾಸ್ಟಿಕ್ ಚೂರು ಸಿಕ್ಕಿಕೊಂಡಿದ್ದವು. ಚಿತ್ತಯ್ಯನವರು ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಈ ಜಿಡ್ಡು ಮೊದ್ಲೂ ಬತ್ತಿತ್ತಾ ಮೇಷ್ಟ್ರೇ?"

ಬರುತ್ತಿತ್ತು. ಪ್ರತಿ ಮಳೆಗೂ ಬರುತ್ತಿತ್ತು. ಬಣ್ಣವಿರಲಿಲ್ಲವಾದ್ದರಿಂದ ಕುರಿಗಳು ಕುಡಿದುಕೊಂಡವು, ನಾವು ಸುಮ್ಮನಿದ್ದೆವು. ಅಷ್ಟು ಹೊತ್ತು ನನ್ನ ಮಟ್ಟೆಯ ಬಗ್ಗೆ ಮಾತ್ರ ನಾಚಿಕೆಯಾಗಿತ್ತು. ಈಗ ಅದಕ್ಕಿಂತ ದೊಡ್ಡದೊಂದಕ್ಕೆ ನಾಚಿಕೆಯಾಯಿತು. "ಬತ್ತಿತ್ತು," ಎಂದೆ. ಅವರು ಮಟ್ಟೆಯನ್ನು ದಡಕ್ಕೆ ಎಸೆದು ಇನ್ನೊಂದಕ್ಕೆ ಬಗ್ಗಿದರು.

ರಾತ್ರಿ ಊಟದ ಹೊತ್ತಿಗೆ ಇದನ್ನೆಲ್ಲ ಗಿರಿಜಾಳಿಗೆ ಹೇಳಿದೆ. ಅವಳು ಮುದ್ದೆಗೆ ಸಾರು ಬಿಡುತ್ತಾ, "ತೋಟದಲ್ಲಿ ನೀವು ಏನ್ ಮಾಡಿದ್ರೂ ಮರ ಕುಡ್ಕೊಂಡು ಸುಮ್ನಿರುತ್ತೆ. ಅದಕ್ಕೇ ನಿಮಗೆ ನೀವು ಜಾಣರು ಅನ್ಸಿರೋದು," ಎಂದಳು. ಮುದ್ದೆ ನುಂಗಿದೆ. ಮಾತನ್ನೂ ನುಂಗಿದೆ.

ಕ್ಯಾಂಟೀನಿನ ಪಾತ್ರೆ ತೊಳೆಯುವ ನೀರನ್ನು ಮಳೆ ಚರಂಡಿಯಿಂದ ಬೇರೆ ಮಾಡಿಸಿದೆವು. ಬೈಕು ನಿಲ್ಲಿಸುವ ಜಾಗಕ್ಕೆ ಸೂರು ಬಂತು. ಗುಂಡಿಗೆ ಜಲ್ಲಿ, ಮರಳು ಬಿತ್ತು, ಪ್ರಾಂಶುಪಾಲರು ಮೊದಲ ದಿನವೇ ಹೇಳಿದ ಹಾಗೆ. ಹಿಂಗಾರಿನಲ್ಲಿ ಕಟ್ಟೆ ತುಂಬಿ ಕೋಡಿ ಬಿದ್ದು ಹಳೆಯ ನೀರೆಲ್ಲ ಕೊಚ್ಚಿಹೋಯಿತು. ಹೊಸ ನೀರಿನಲ್ಲಿ ಆಕಾಶ ಕಾಣಿಸಿತು.

ಕುರಿಗಳನ್ನು ಮತ್ತೆ ಕಟ್ಟೆಗೆ ಇಳಿಸುವ ದಿನ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ದಡದಲ್ಲಿ ನಿಂತೆ. ಒಂದು ಒಳ್ಳೆಯ ಕೆಲಸದ ಮುಕ್ತಾಯವನ್ನು ಕಣ್ಣಾರೆ ಕಾಣುವ ಹಕ್ಕು ನನಗಿರಲಿಲ್ಲವೇ? ಕುರಿಗಳು ಬಂದವು. ನೀರಿನ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ನನ್ನ ಸುತ್ತ ಮುತ್ತಿಕೊಂಡು, ನೀಲಿ ಡ್ರಮ್ಮು ಎಲ್ಲಿ ಎಂಬಂತೆ ಮುಖ ನೋಡುತ್ತಾ ನಿಂತವು.

ಚಿತ್ತಯ್ಯನವರು ಸ್ವಲ್ಪ ಹೊತ್ತು ಕಾದರು. "ಮೇಷ್ಟ್ರೇ, ಬೇಜಾರ್ ಮಾಡ್ಕೋಬ್ಯಾಡಿ. ನೀವು ವಸಿ ಆ ಉಣಿಸೆಮರದ ಹಿಂದುಕ್ ಹೋಗಿ. ನೀವಿರೋಗಂಟ ಇವು ಕುಡ್ಯಾಕಿಲ್ಲ."

ಹೋದೆ. ಮರದ ಹಿಂದೆ ಉಸಿರು ಬಿಗಿಹಿಡಿದು ನಿಂತೆ. ಸ್ವಲ್ಪ ಹೊತ್ತಿಗೆ ನೀರು ಹೀರುವ ಸದ್ದು ಕೇಳಿಸಿತು. ಒಂದು, ಆಮೇಲೆ ಎಲ್ಲವೂ. ಕಣ್ಣು ಮಂಜಾಯಿತು. ಅಷ್ಟರಲ್ಲಿ ಗಿರಿಜಾಳ ಫೋನು.

"ಕುಡಿದ್ವಾ?"

"ಕುಡೀತಿವೆ ಕಣೇ."

"ನೀವೆಲ್ಲಿದೀರಿ?"

"ಮರದ ಹಿಂದೆ."

"ಅಲ್ಲೇ ಇರಿ," ಎಂದಳು.